ಪಾಲು ಕೊಟ್ಟ ಕೈ

ಖಟಕ ಚಿಂಚೋಳಿಯ ಕೌಸಲ್ಯಾಬಾಯಿ ಕೆನ್ನೆಗೆ ಹೊಡೆಯುವುದಕ್ಕೆ ಹೆಸರಾದವಳು. ಕಾಳು ಒಕ್ಕುವ ರಾಶಿ ಮಷಿನ್ನಿನ ಹತ್ತಿರ ಸೆರಗು ಇಳಿಬಿಟ್ಟುಕೊಂಡು ಯಾವ ಹೆಂಗಸು ಬಂದರೂ ಮೊದಲು ಏಟು, ಬೈಗುಳ ಆಮೇಲೆ. ಎಡಗೈಯಲ್ಲಿ ಹೊಡೆದರೆ ಎರಡು ಬರೆ ಮೂಡಿ ನಡುವೆ ಖಾಲಿ ಉಳಿಯುತ್ತಿತ್ತು. ಆ ಕೈಯ ನಡುವಿನ ಎರಡು ಬೆರಳನ್ನು ಮಷಿನ್ನು ತಿಂದಿತ್ತು.

ಅದು ಆಕೆಗೆ ಮೈಯಲ್ಲಿ ಕಸುವಿದ್ದ ಕಾಲದ ಮಾತು. ಔರಾದ ಕಡೆ ಜೋಳದ ರಾಶಿ ನಡೆದಿತ್ತು. ಭಾಲ್ಕಿಯ ಖಾಜಾ ಮಿಯಾನ ಮಷಿನ್ನು, ಇವಳ ಊರಿನ ಕೂಲಿ ತಂಡ. ಗಾಯ ಮಾಯ್ದು ಮರಳಿ ಬಂದಾಗ ತಂಡದವರು ಅವಳನ್ನು ಮಷಿನ್ನಿನ ಬಾಯಿಗೇ ನಿಲ್ಲಿಸಿದರು. ಅದು ತನ್ನ ಪಾಲು ತೆಗೆದುಕೊಂಡಾಗಿದೆ, ಇನ್ನು ಇವಳನ್ನು ಮುಟ್ಟುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಅಂದಿನಿಂದ ಪದ್ಧತಿಯೇ ಆಯಿತು: ಕೈಕಾಲು ನೆಟ್ಟಗಿದ್ದವರು ದೂರ ನಿಂತು ಪೈರಿನ ಸೂಡು ಎತ್ತಿಕೊಡಬೇಕು, ಪಾಲು ಕೊಟ್ಟವಳು ಒಳಗೆ ತಳ್ಳಬೇಕು. ಬಾಯಿಗೆ ಮೊದಲು ಉದ್ದನೆಯ ತಗಡಿನ ಗೂಡು ಇತ್ತು. ಅದಿದ್ದರೆ ಎಷ್ಟು ಚಾಚಿದರೂ ಕೈ ಒಳಗೆ ತಿರುಗುವ ಹಲ್ಲಿಗೆ ಎಟುಕುತ್ತಿರಲಿಲ್ಲ. ಸೂಡು ಸಿಕ್ಕಿಕೊಳ್ಳುತ್ತದೆಂದು ಖಾಜಾ ಮಿಯಾ ಅದನ್ನು ಬಿಚ್ಚಿ ಮನೆಗೆ ಒಯ್ದಿದ್ದ. ಅದರಲ್ಲಿ ಅವನ ಮನೆಯ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಬೇರೆಯವರ ಕೈ ಯಾಕೆ ಹೋಗುತ್ತದೆ ಎಂಬುದು ಕೌಸಲ್ಯಾಬಾಯಿಗೆ ಬಾಯಿಪಾಠ. ಒಬ್ಬ ಕುಡಿದಿದ್ದ. ಒಬ್ಬಳು ಹರಟೆ ಹೊಡೆಯುತ್ತಿದ್ದಳು. ಇನ್ನೊಬ್ಬನಿಗೆ ನಿದ್ದೆಯಾಗಿರಲಿಲ್ಲ. ಪ್ರತಿ ಗಾಯಕ್ಕೂ ಅವಳ ಬಳಿ ಒಂದು ಕಾರಣ ಇತ್ತು, ಅದು ಯಾವಾಗಲೂ ತನ್ನಲ್ಲಿ ಇಲ್ಲದ ಕಾರಣವೇ.

ಬೀದರಿನ ಮೈಲೂರಿನಲ್ಲಿ ಮಗನ ಮನೆ. ಸೊಸೆ ಉಜ್ವಲಾ ದವಾಖಾನೆಯಲ್ಲಿ ನರ್ಸು. ರಾಶಿಯ ದಿನಗಳಲ್ಲಿ ಬರುವ ಕೈಗಳನ್ನು ಅವಳು ನೋಡಿದವಳು. ಅಲ್ಲಿಂದ ತೊಗರಿ ರಾಶಿಗೆ ಔರಾದಿಗೆ ಹೊರಟ ಅತ್ತೆಯನ್ನು ತಡೆದು ಹೇಳಿದಳು:

"ಅತ್ತಿ, ನಮ್ಮ ದವಾಖಾನಿಗಿ ಎರಡೆರಡು ಸಲ ಬಂದವರೂ ಅದಾರ್ರಿ."

"ಅವರು ಎರಡು ಮಷಿನ್ನಿಗಿ ಕೊಟ್ಟಿರಬೇಕು," ಎಂದಳು ಕೌಸಲ್ಯಾಬಾಯಿ. "ನಂದು ಒಂದಾ ಮಷಿನ್ ಅದ."

ತಾನೇ ನಗುತ್ತ ಬಸ್ಸು ಹತ್ತಿದಳು.

ಔರಾದಿನ ಆ ಹೊಲದವರು ತೊಗರಿ ಸೂಡುಗಳನ್ನು ಹಳೆಯ ಸೀರೆಯ ಚಿಂದಿಯಿಂದ ಕಟ್ಟಿದ್ದರು. ಊಟದ ಹೊತ್ತಿಗೆ ಮುಂಚೆ ಒಂದು ಸೂಡು ಒಳಗೆ ಹೋಗುವಾಗ ಅದರ ಚಿಂದಿ ಅವಳ ಬಲಗೈ ಬಳೆಗಳಿಗೆ ಸುತ್ತಿಕೊಂಡಿತು. ಎಳೆದುಕೊಳ್ಳಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ. ಮಷಿನ್ನು ಬಳೆ ಒಡೆಯಿತು, ಅಂಗೈ ಅರೆಯಿತು, ಮುಂಗೈ ಮುರಿಯುತ್ತ ಭುಜದವರೆಗೆ ಅವಳನ್ನು ಸೆಳೆದುಕೊಂಡಿತು. ಅವಳ ಮುಖ ತಗಡಿಗೆ ಬಡಿದು ಹಲ್ಲು ಉದುರಿದವು. ಹಿಂದೆ ಸೂಡು ಹಿಡಿದು ನಿಂತಿದ್ದ ತಂಡದ ಹುಡುಗಿ ಸಪನಾ ಚಿಂದಿಗೆ ಕೈ ಹಾಕಿ ಜಗ್ಗಿದಳು, ಅವಳ ಕಿರುಬೆರಳು ಹಾರಿಹೋಯಿತು. ಮಷಿನ್ನು ತಿರುಗಿಸುತ್ತಿದ್ದ ಟ್ರ್ಯಾಕ್ಟರನ್ನು ಖಾಜಾ ಮಿಯಾ ಬಂದ್ ಮಾಡಿದ. ಮಾಡಿದ ಮೇಲೂ ಚಕ್ರ ಕೆಲ ಸುತ್ತು ತಿರುಗಿತು. ಆ ಸುತ್ತುಗಳಲ್ಲಿ ಕಾಳು ಬೀಳುವ ಕಡೆ ತೊಗರಿ ಒದ್ದೆಯಾಗಿ ಬಿತ್ತು.

ಬೀದರಿನಲ್ಲಿ ಮೊಣಕೈಗಿಂತ ಮೇಲೆ ಕತ್ತರಿಸಿದರು. ಉಜ್ವಲಾ ಪಟ್ಟಿ ಕಟ್ಟುತ್ತಿದ್ದಳು, ಒಂದು ಮಾತೂ ಆಡಿ ತೋರಿಸಲಿಲ್ಲ. ಕೌಸಲ್ಯಾಬಾಯಿಗೆ ಅದೇ ಹೆಚ್ಚು ಉರಿಯಿತು. ಇಲ್ಲದ ಕೈಯ ಬೆರಳುಗಳು ನೋಯುತ್ತಿದ್ದಾಗ ಅವಳು ಕಾರಣ ಹುಡುಕಿದಳು. ಕುಡಿದಿರಲಿಲ್ಲ. ಹರಟಿರಲಿಲ್ಲ. ನಿದ್ದೆ ಚೆನ್ನಾಗಿಯೇ ಆಗಿತ್ತು.

ಮಳೆಗಾಲ ಕಳೆದು ಸೋಯಾ ರಾಶಿ ಬಂತು. ಭಾಲ್ಕಿ ದಾರಿಯ ಒಂದು ಹೊಲದಲ್ಲಿ ಅದೇ ಮಷಿನ್ನು, ಅದೇ ತಂಡ ಎಂದು ಕೇಳಿ ಅವಳು ಅಲ್ಲಿಗೆ ಹೋದಳು. ಬಾಯಿಗೆ ಸಪನಾ ನಿಂತಿದ್ದಳು. ಟ್ರ್ಯಾಕ್ಟರ್ ಇನ್ನೂ ಚಾಲೂ ಆಗಿರಲಿಲ್ಲ.

ಇಲ್ಲಿ ಯಾಕೆ ನಿಂತೆ ಎಂದು ಕೇಳಿದ್ದಕ್ಕೆ ಸಪನಾ ಕಿರುಬೆರಳಿಲ್ಲದ ಕೈ ಎತ್ತಿ ತೋರಿಸಿದಳು. ತಂಡದವರೇ ನಿಲ್ಲಿಸಿದ್ದರು.

"ನಾನೂ ಕೊಟ್ಟಿದ್ದೆ," ಎಂದಳು ಕೌಸಲ್ಯಾಬಾಯಿ.

"ನಿಂದು ಬ್ಯಾರೆ, ಅತ್ತಿ. ನಿನಗ ವಯಸ್ಸಾಗಿತ್ತು. ನನ್ನ ಕೈ ಚುರುಕ ಅದ."

ಎಡಗೈ ಬೀಸಿ ಬಂತು. ಸಪನಾ ಸೂಡುಗಳ ಮೇಲೆ ಬಿದ್ದಳು. ಎದ್ದು ಬಂದವಳಿಗೆ ಇನ್ನೊಂದು ಬಿತ್ತು. ಹೆಂಗಸರು ಬಂದು ಕೌಸಲ್ಯಾಬಾಯಿಯ ಸೆರಗು ಹಿಡಿದು ಎಳೆದರು. ಅವಳು ಒದ್ದಳು, ಒಬ್ಬಳ ತೋಳು ಕಚ್ಚಿದಳು, ಬಿಡಿಸಿಕೊಂಡು ಹೋಗಿ ಮಷಿನ್ನಿನ ಬಾಯಲ್ಲೇ ಹತ್ತಿ ಕುಳಿತಳು. ಬೆನ್ನು ಹಲ್ಲುಗಳ ಕಡೆಗಿತ್ತು.

"ಈಗ ಚಾಲೂ ಮಾಡ್ರಿ, ಖಾಜಾ ಮಿಯಾ."

ಖಾಜಾ ಮಿಯಾ ಸೀಟಿನಿಂದ ಇಳಿದ. "ಬಾಯಿ, ಇಳೀರಿ. ಮಂದಿ ನೋಡ್ಲಕತ್ತಾರ."

"ಗೂಡು ತರ್ರಿ. ಕೋಳಿ ಎಬ್ಬಿಸಿ ತರ್ರಿ."

ಹೊಲದವನು ಹೊತ್ತು ಹೋಗುತ್ತಿದೆ ಎಂದು ಕೂಗಾಡಿದ. ಇನ್ನೊಂದು ಮಷಿನ್ನು ಕರೆಸುತ್ತೇನೆ ಎಂದು ಹೆದರಿಸಿದ. ಅವಳು ಮೋಟು ತೋಳಿನ ಸೆರಗು ಸರಿಸಿ ಅವನ ಕಡೆ ತಿರುಗಿ ಕುಳಿತಳು. ಅವನು ಬದುವಿನ ಕಡೆ ನಡೆದ.

ಖಾಜಾ ಮಿಯಾ ಮೋಟಾರ್ ಸೈಕಲ್ ಹತ್ತಿ ಭಾಲ್ಕಿಗೆ ಹೋದ. ಹಿಕ್ಕೆ ಮೆತ್ತಿದ ಗೂಡನ್ನು ತಂದು ಬೋಲ್ಟು ಬಿಗಿಯುವವರೆಗೆ ಅವಳು ಇಳಿಯಲಿಲ್ಲ. ರಾಶಿ ಮೊದಲಿಗಿಂತ ನಿಧಾನವಾಗಿ ನಡೆಯಿತು. ಸಪನಾ ಗೂಡಿನ ಹೊರಗೆ ನಿಂತು ಸೂಡು ತಳ್ಳಿದಳು. ಕೌಸಲ್ಯಾಬಾಯಿಯನ್ನು ಬೈಯುತ್ತಲೇ ತಳ್ಳಿದಳು. ಅವಳ ಕೆನ್ನೆಯ ಮೇಲೆ ಎರಡು ಬರೆ ಎದ್ದಿದ್ದವು, ನಡುವೆ ಖಾಲಿ.