ಅತ್ತೆಯ ತಲೆ ಕೆಂಪಾದ ಕಾರಣ

ನಮ್ಮ ಸೋದರತ್ತೆ ಗುರವ್ವನ ತಲೆಗೆ ಉಷ್ಣ ಏರಿತ್ತು, ಹಕೀಮರು ಮೆಹಂದಿ ಹಚ್ಚಲು ಹೇಳಿದರು, ಪಾಪ, ಕೂದಲು ಕೆಂಪಾಗಿಬಿಟ್ಟಿತು. ಕಲಬುರಗಿಯಿಂದ ಕಮಲಾಪುರದವರೆಗೆ ಈಗ ಎಲ್ಲರೂ ಹೇಳುವ ಕಥೆ ಇದು. ಗಾಜಿಪುರದ ನಮ್ಮ ಓಣಿಯಲ್ಲಂತೂ ಹಕೀಮರು ಹೇಳಿದ ಪಥ್ಯವೂ ಅದಕ್ಕೆ ಸೇರಿಕೊಂಡಿದೆ (ಬದನೆಕಾಯಿ ಮುಟ್ಟಬಾರದಂತೆ).

ಉಷ್ಣ ಇರಲಿಲ್ಲ. ಹಕೀಮರೂ ಇರಲಿಲ್ಲ. ಅತ್ತೆ ನಿನ್ನೆಯೂ ರೊಟ್ಟಿಯ ಜೊತೆ ಬದನೆಕಾಯಿ ತಿಂದಿದ್ದಾಳೆ. ಇಡೀ ಕಥೆಯಲ್ಲಿ ನಿಜವಾಗಿ ಇದ್ದದ್ದು ಮೆಹಂದಿ ಒಂದೇ.

ಹಾಗಾದರೆ ನಡೆದದ್ದೇನು?

ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನನ್ನ ತಂಗಿ ಶಾಂತಾ ನಡೆಯಲು ಕಲಿತದ್ದು ಆಕೆಯ ಸೆರಗು ಹಿಡಿದು. ಜಗಳ ಕಲಿತದ್ದೂ ಆಕೆಯಿಂದಲೇ.

ಮೋಮಿನಪುರದಿಂದ ಬಳೆ ಮಾರಲು ಬರುವ ಬೀಬಮ್ಮನಿಗೆ ಹೆಚ್ಚುಕಡಿಮೆ ಅತ್ತೆಯದೇ ವಯಸ್ಸು. ಆಕೆಯ ತಲೆ ಕೆಂಪು. ಅತ್ತೆಗೆ ಬಳೆ ತೊಡುವ ಹಾಗಿಲ್ಲವಲ್ಲ, ಸುಮ್ಮನೆ ಪಕ್ಕದಲ್ಲಿ ಕೂತು ಆ ಕೂದಲನ್ನೇ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಬೀಬಮ್ಮಾ, ಇದು ಏನ್ ಹಚ್ಚಿದ್ರ ಹಿಂಗಾಗ್ತದ?"

"ಮೆಹಂದಿ ಅಕ್ಕಾ, ಮತ್ತೇನು? ನೀನೂ ಹಚ್ಕೊ. ನಿನ್ನ ತಲಿ ನಿಂದು. ಯಾರ್ ಕೇಳ್ತಾರ?"

ಎಲ್ಲರೂ ಕೇಳಿದರು. ಆದರೆ ಅದು ಆಮೇಲೆ.

ಚಹಾಪುಡಿ ಕುದಿಸಿದ ನೀರು, ನಿಂಬೆರಸ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆದ ಮೆಹಂದಿ. ಬೆಳಿಗ್ಗೆ ಹಿತ್ತಲಲ್ಲಿ ಶಾಂತಾ ಹಚ್ಚಿ, ಮೇಲೆ ಬಾಳೆ ಎಲೆ ಸುತ್ತಿದಳು. ಮಧ್ಯಾಹ್ನ ತೊಳೆದರೆ, ಬೆಳ್ಳಗಿದ್ದ ತಲೆ ಥೇಟು ಕಮಲಾಪುರದ ಕೆಂಪು ಬಾಳೆಹಣ್ಣು.

"ಅತ್ತೀ, ನಿನ್ನ ಸುಲದು ತಿನ್ನಬಹುದು ನೋಡು" ಅಂದೆ.

"ಮೊದಲ ನಿನ್ನ ನಾಲಿಗಿ ಸುಲೀತೇನಿ" ಅಂದಳು. ಕೈಯಲ್ಲಿದ್ದ ಕನ್ನಡಿ ಮಾತ್ರ ಕೆಳಗಿಡಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ವಾರ ಪತ್ರಿಕೆಯಲ್ಲಿ ಚರಂಡಿಯ ಬಗ್ಗೆ ಬರೆಯುತ್ತಿದ್ದೆ. ಆದರೆ ಶಾಂತಾಳ ಮದುವೆ ಗೊತ್ತಾಗಿತ್ತು, ಕಮಲಾಪುರದ ಬಾಳೆ ತೋಟದವರ ಮನೆಗೆ. ಅಲ್ಲಿಂದ ಬೀಗರು ಹೇಳಿ ಕಳಿಸಿದರು: ಹುಡುಗಿ ಒಪ್ಪಿಗೆ, ಆ ಕೆಂಪು ತಲೆ ಮಾತ್ರ ಮದುವೆಯ ಹಂದರದೊಳಗೆ ಬರಬಾರದು.

ಗಂಡನಿಲ್ಲದವಳೆಂದು ಎಲ್ಲರ ಹಿಂದೆ ಕೂಡಲು ಅತ್ತೆ ಎಂದೋ ಒಪ್ಪಿಕೊಂಡಿದ್ದಳು. ಈಗ ಹಿಂದೆಯೂ ಇಲ್ಲ. ಸಾಕಿದ ಹುಡುಗಿಯ ಮೇಲೆ ನಾಲ್ಕು ಅಕ್ಕಿಕಾಳು ಹಾಕುವ ಹಾಗೂ ಇಲ್ಲ. ಬಾಳೆಹಣ್ಣು ಕೆಂಪಾದರೆ ತೋಟಕ್ಕೆ ಹೆಸರು, ಕೂದಲು ಕೆಂಪಾದರೆ ಮನೆತನದ ಹೆಸರು ಹಾಳು. ಇದು ಯಾವ ಊರಿನ ತರ್ಕ?

"ಅತ್ತಿ ಇಲ್ಲದ ಹಂದರದಾಗ ನಾನೂ ಕೂಡಂಗಿಲ್ಲ" ಎಂದಳು ಶಾಂತಾ. ಜಗಳ ಯಾರಿಂದ ಕಲಿತವಳು ಅಂತ ಹೇಳಿದೆನಲ್ಲ.

ಅವ್ವ ಮೊದಲು ಸೀಗೆಕಾಯಿ ಹಾಕಿ ತಿಕ್ಕಿದಳು. ಕೆಂಪು ಇನ್ನಷ್ಟು ಫಳಫಳ ಹೊಳೆಯಿತು. ಆಮೇಲೆ ಅಪ್ಪ ಮೋಮಿನಪುರದ ಅತ್ತರಿನ ಅಂಗಡಿಯಿಂದ ಗುಟ್ಟಾಗಿ ವಸ್ಮಾ ತಂದ. ವಸ್ಮಾ ಎಂದರೆ ನೀಲಿ ಗಿಡದ ಎಲೆಯ ಪುಡಿ. ಮೆಹಂದಿಯ ಮೇಲೆ ಹಚ್ಚಿದರೆ ಕೂದಲು ಕಪ್ಪಾಗುತ್ತದೆ. ಹಚ್ಚುವುದು ಹೇಗೆ ಅಂತ ಅಪ್ಪ ಕೇಳಲಿಲ್ಲ. (ಕೇಳಿದರೆ ಯಾರಿಗೆ ಅಂತ ಕೇಳುತ್ತಾರಲ್ಲ.) ಅವ್ವನಿಗೆ ಗೊತ್ತಿದ್ದದ್ದು ಮೆಹಂದಿಯ ರೀತಿ ಒಂದೇ. ವಸ್ಮಾವನ್ನೂ ರಾತ್ರಿಯಿಡೀ ನೆನೆಸಿಟ್ಟಳು. ಬೆಳಿಗ್ಗೆ ಹಚ್ಚಿ ತೊಳೆದರೆ ತಲೆ ಇದ್ದ ಹಾಗೇ ಇತ್ತು. ಕಿವಿಗಳು ಮಾತ್ರ ಸ್ವಲ್ಪ ಹಸಿರಾಗಿದ್ದವು.

ಕೊನೆಗೆ ಉಳಿದದ್ದು ಮಾತುಕತೆ. ಗಾಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೊರಟೆವು. ಅತ್ತೆಯೂ ಹತ್ತಿ ಕೂತಳು.

"ನೀ ಯಾಕ ಅಕ್ಕಾ?" ಎಂದ ಅಪ್ಪ.

"ನನ್ನ ತಲಿ ಮಾತು ಆಡಾಕ ಹೊಂಟೀರಿ. ತಲಿ ಬಿಟ್ಟು ಹೋಗ್ತೀರೇನು?"

ಉಷ್ಣದ ಕಥೆ ಹುಟ್ಟಿದ್ದು ಆ ಗಾಡಿಯಲ್ಲಿ. ಹೆತ್ತವನು ಅಪ್ಪ, ಸಾಕುವ ಜವಾಬ್ದಾರಿ ನನ್ನದು. "ಸಾಲ್ಯಾಗ ಡಿಬೇಟ್ ಗೆದ್ದೀಯಲ್ಲ, ಇಲ್ಲಿ ಗೆಲ್ಲು" ಎಂದ. ನಮ್ಮದು ಉರ್ದೂ ಸಾಲೆ, ನಾನು ಗೆದ್ದದ್ದೆಲ್ಲ ಉರ್ದೂದಲ್ಲಿ, ಹುಡುಗರೆದುರು. ಬೀಗರೆದುರು ಕನ್ನಡದಲ್ಲಿ ಸುಳ್ಳು ಹೇಳುವುದನ್ನು ಯಾವ ಸಾಲೆ ಕಲಿಸುತ್ತದೆ?

ಬೀಗರು ಕಟ್ಟೆಯ ಮೇಲೆ ಕೂತಿದ್ದರು. ದೊಡ್ಡ ಆಳು, ತಲೆಗೆ ದೊಡ್ಡ ಪಟಕಾ, ಹೊಸ ಕಾಡಿಗೆಯಂಥ ಕರಿ ಮೀಸೆ. ನಾನು ಶುರು ಮಾಡಿದೆ: ಬಿಸಿಲು, ಉಷ್ಣ, ಹಕೀಮರು.

"ಉಷ್ಣಾದ್ರ ಅಂಗಾಲಿಗಿ ಹಚ್ಚಾಕ ಏನಾಗಿತ್ತು ತಮ್ಮಾ?" ಎಂದರು.

ಒಳ್ಳೆಯ ಪಾಯಿಂಟು. ಅಪ್ಪ ನನ್ನ ಮುಖ ನೋಡಿದ, ನಾನು ಎತ್ತುಗಳ ಮುಖ ನೋಡಿದೆ.

ಅವ್ವನಿಗೆ ತಡೆಯಲಾಗಲಿಲ್ಲ. "ಕರೀದು ಮಾಡಾಕೂ ನೋಡೀವ್ರೀ ಬೀಗರ. ರಾತ್ರಿಯೆಲ್ಲಾ ವಸ್ಮಾ ನೆನಸಿಟ್ಟು ಹಚ್ಚೀನಿ. ಹತ್ತಲೇ ಇಲ್ಲರೀ."

"ಹತ್ತೂದಿಲ್ಲವ್ವಾ" ಎಂದರು ಬೀಗರು, ಬಹಳ ಮಮತೆಯಿಂದ. "ವಸ್ಮಾ ನೆನಸಿಡಬಾರದು, ಸತ್ತು ಹೋಗ್ತದ. ಉಗುರು ಬೆಚ್ಚಗಿನ ನೀರಾಗ ಕಲಸಬೇಕು, ಕಲಸಿದ ಕೂಡ್ಲೇ ಹಚ್ಚಬೇಕು. ಹಚ್ಚಿ ಮ್ಯಾಲ ಅರಿವಿ ಕಟ್ಟಬೇಕು. ಇಲ್ಲಂದ್ರ ತುದಿಗಿ ಹಿಡಿಯೂದಿಲ್ಲ, ಬೆವರಿಗಿ ಇಳಿದು ಗಲ್ಲಕ್ಕ..."

ಗಲ್ಲದ ಹತ್ತಿರ ಬಂದು ಮಾತು ನಿಂತಿತು.

ಒಳಗೆ ಬಾಗಿಲ ಹಿಂದಿದ್ದ ಬೀಗಿತ್ತಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. ಬೀಗರ ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು, ತಿರುವಲಿಕ್ಕಲ್ಲ, ಮುಚ್ಚಲಿಕ್ಕೆ.

ಅತ್ತೆ ಅಲ್ಲಿಯವರೆಗೆ ಹಣೆಗಿಳಿದ ಸೆರಗಿನೊಳಗೆ ಕೂತಿದ್ದಳು. ಈಗ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಅಷ್ಟು ಕೆಂಪು ತಲೆ, ಅಂಥ ಬಿಸಿಲು, ಎದುರಿಗೆ ಅಷ್ಟು ಕರಿ ಮೀಸೆ. ಮಾತು ಯಾಕೆ ಬೇಕು?

"ಉಷ್ಣ ಅಂದಮ್ಯಾಲ ಯಾರ್ ಏನ್ ಮಾಡಾಕಾಗ್ತದ?" ಎಂದರು ಬೀಗರು, ನೆಲ ನೋಡುತ್ತ. "ಹಕೀಮರ ಮಾತು ಕೇಳಬೇಕಾಗ್ತದ. ಅಕ್ಕಾರೂ ಹಂದರಕ್ಕ ಬರ್ಲಿ."

ಮದುವೆ ಆಯಿತು. ಅತ್ತೆ ಬಂದಳು, ಅಕ್ಕಿಕಾಳು ಹಾಕಿದಳು, ಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು. ಬೀಗರು ಬಂದ ನೆಂಟರಿಗೆಲ್ಲ ತಾವೇ ಎದ್ದು ಹೋಗಿ ಉಷ್ಣದ ಕಥೆ ಹೇಳಿದರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಬದನೆಕಾಯಿ ಪಥ್ಯ ಅವರದೇ ಸೇರ್ಪಡೆ.

ಇಲ್ಲಿಗೆ ಎಲ್ಲರೂ ಸುಖಿ ಅಂತ ಮುಗಿಸಬಹುದಿತ್ತು. ಆದರೆ ಅತ್ತೆ ಸುಖಿಯಾಗಿಲ್ಲ. ಹೋದಲ್ಲೆಲ್ಲ ಜನ ಆಕೆಯ ಹಣೆ ಮುಟ್ಟಿ, ಈಗ ಹ್ಯಾಂಗದ ಅಂತ ಕೇಳುತ್ತಾರೆ. ಮೊನ್ನೆ ಒಬ್ಬಾಕೆ ಮಜ್ಜಿಗೆ ತಂದುಕೊಟ್ಟಳು.

"ನನಗೇನ್ ರೋಗ ಆಗಿತ್ತೇನು?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದಳು. "ಮನಸಾತು, ಹಚ್ಕೊಂಡೆ. ಅಷ್ಟು ಹೇಳಾಕ ನಿಮಗ್ಯಾರಿಗೂ ಬಾಯಿ ಇರಲಿಲ್ಲ. ಪತ್ರಿಕ್ಯಾಗ ಬರೀತೀಯಲ್ಲ, ಬರಿ."

ಬರೆದಿದ್ದೇನೆ. (ಬೀಗರ ಹೆಸರು ಬರೆದಿಲ್ಲ. ಕಮಲಾಪುರದಲ್ಲಿ ಕರಿ ಮೀಸೆಗಳು ಬೇಕಾದಷ್ಟಿವೆ.) ಅತ್ತೆ ಮುಂದಿನ ಸಲದ ಮೆಹಂದಿಯನ್ನು ಆಗಲೇ ನೆನೆಸಿಟ್ಟಿದ್ದಾಳೆ. ಉಷ್ಣಕ್ಕಲ್ಲ, ಮನಸ್ಸಿಗೆ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ನಮ್ಮ ಅತ್ತೆಗಾದದ್ದು ಉಷ್ಣ ಅಂತ ನೀವು ಊರಿಗೆಲ್ಲ ಹೇಳಿದಿರಿ, ಸರಿ. ನಿಮ್ಮ ಮೀಸೆಗೆ ಏನಾಗಿತ್ತು, ಬೀಗರೇ?