ಪೀಪಾಯಿಯವನನ್ನು ಎಷ್ಟು ಸಲ ಕೇಳಿದರು?

ಕಳೆದ ಮಂಗಳವಾರ ರಶೀದ್ ಭಾಯಿ ಒಂದೇ ಒಂದು ‘ನೋ’ ಅಂದು ತಮ್ಮ ಎರಡು ವರ್ಷದ ಓಡಾಟಕ್ಕೆ ತಾವೇ ಎಳ್ಳುನೀರು ಬಿಟ್ಟರು.

ಭಾಯಿ ಮೈಸೂರಿನವರು. ನ್ಯೂಜೆರ್ಸಿಯ ನಮ್ಮ ಪುಟ್ಟ ಟೌನ್‌ಶಿಪ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಅಂಗಡಿ ಮುಂದಿನ ರಸ್ತೆಗೆ ಕ್ರಾಸ್‌ವಾಕ್, ಅಂದರೆ ನಡೆದು ದಾಟುವವರಿಗೆ ಬಿಳಿ ಪಟ್ಟೆ, ಇಲ್ಲ. ಬಸ್ ಇಳಿದ ಅಜ್ಜಿಯರು ಜೀವ ಕೈಯಲ್ಲಿ ಹಿಡಿದು ದಾಟಬೇಕು. ಅದಕ್ಕಾಗಿ ಭಾಯಿ ಬರೆಯದ ಅರ್ಜಿಯಿಲ್ಲ. ಕೊನೆಗೂ ರಸ್ತೆ ಸುರಕ್ಷತೆಯ ಕಮಿಟಿಯಲ್ಲಿ ಒಂದು ಜಾಗ ಖಾಲಿಯಾಯಿತು.

ಮಂಗಳವಾರದ ಟೌನ್‌ಶಿಪ್ ಸಭೆಯಲ್ಲಿ ಯಾರೋ ಅವರ ಹೆಸರು ಹೇಳಿದರು. ಅಧ್ಯಕ್ಷೆ ‘ಒಪ್ಪಿಗೆಯೇ?’ ಎಂದು ಕೇಳಿದರು. ಭಾಯಿ ಏನನ್ನಬೇಕು?

“ನೋ ನೋ, ಐ ಆಮ್ ಜಸ್ಟ್ ಎ ಟೈಲರ್. ಸಮ್‌ಒನ್ ಬೆಟರ್, ಪ್ಲೀಸ್.”

(ನಮ್ಮ ಕನ್ನಡ ಕೂಟದಲ್ಲಾಗಿದ್ದರೆ ಇದು ನಾಮಪತ್ರ ಸಲ್ಲಿಸಿದಂತೆಯೇ.) ಅಧ್ಯಕ್ಷೆ ಥ್ಯಾಂಕ್ಸ್ ಹೇಳಿ ಮುಂದಿನ ಹೆಸರಿಗೆ ಹೋದರು. ಜಾಗ ಕೈತಪ್ಪಿತು.

ಪಾರ್ಕಿಂಗ್ ಲಾಟ್‌ನಲ್ಲಿ ಭಾಯಿ ಮುಖ ಸಪ್ಪಗಿತ್ತು. “ಇನ್ನೊಂದ್ ಸಲ ಕೇಳ್ತಾರೆ ಅಂದ್ಕೊಂಡಿದ್ದೆ ಮೇಡಂ. ಒಂದೇ ಸಲಕ್ಕೆ ಹೂಂ ಅಂದ್ರೆ ಚೆನ್ನಾಗಿರಲ್ಲ ಅಲ್ವಾ?”

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ನನ್ನ ಮೇಲೆ. ಪಕ್ಕದಲ್ಲೇ ಕೂತಿದ್ದೆ. ‘ಮತ್ತೊಮ್ಮೆ ಕೇಳಿ’ ಅನ್ನಬಹುದಿತ್ತು. ಬೇರೆ ಯಾರಾದರೂ ಒತ್ತಾಯ ಮಾಡಲಿ ಎಂದು ನಾನೂ ಕಾದೆ.

ಶನಿವಾರ ಅವರನ್ನು ಟೌನ್‌ಶಿಪ್‌ನ ಮ್ಯೂಸಿಯಂಗೆ ಎಳೆದುಕೊಂಡು ಹೋದೆ. ಅಲ್ಲಿ ಗೋಡೆಯ ಮೇಲೆ ಒಬ್ಬ ಪೀಪಾಯಿ ಮಾಡುವವನ ಕಥೆ ಇದೆ. ಅಮೆರಿಕವನ್ನು ಬ್ರಿಟಿಷ್ ರಾಜ ಆಳುತ್ತಿದ್ದ ಕಾಲ. ಸೈಡರ್ ಎಂಬ ಸೇಬಿನ ಮದ್ಯ ತುಂಬಲು ಪೀಪಾಯಿ ಕಟ್ಟುವುದು ಅವನ ಕಸುಬು. ಊರವರು ಹೆಂಡದಂಗಡಿಯಲ್ಲಿ ಸಭೆ ಸೇರಿ ಅವನನ್ನು ರಸ್ತೆಗಳ ಮೇಲ್ವಿಚಾರಕನಾಗಿ ಆರಿಸಿದರು. ‘ಕೈತುಂಬ ಕೆಲಸವಿದೆ, ಆಗದು’ ಅಂದ. ಒಲ್ಲೆ ಅಂದವರಿಗೆ ಆಗೆಲ್ಲ ದಂಡ. ತೆತ್ತ. ಮರುವರ್ಷ ಕೇಳಿದ ಕೂಡಲೇ ಒಪ್ಪಿದ. ಆಮೇಲೆ ಕೆಸರಿಗೆ ಮರದ ದಿಮ್ಮಿ ಹಾಸಿಸಿದ, ಹಳ್ಳಕ್ಕೆ ಸೇತುವೆ ಕಟ್ಟಿಸಿದ, ಊರಿನ ಕಮಿಟಿಗೂ ಏರಿದ. ಪೀಪಾಯಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಬರೀ ಪರೋಪಕಾರವೇ? ಅವನ ಪೀಪಾಯಿಗಳೂ ಅದೇ ರಸ್ತೆಯಲ್ಲಿ ಹೋಗಬೇಕಿತ್ತಲ್ಲ.

ಭಾಯಿ ನಿಧಾನವಾಗಿ ಓದಿ ಮುಗಿಸಿದರು. “ಇವ್ನೂ ಅಂಗಡಿಯವ್ನೇ.”

“ಬೇಸಿಗೆಗೆ ಇನ್ನೊಂದು ಜಾಗ ಖಾಲಿಯಾಗುತ್ತೆ. ನಿಮ್ಮ ಹೆಸರು ನಾನೇ ಹೇಳ್ತೀನಿ,” ಅಂದೆ.

“ಕುರ್ಚಿ ಆಸೆ ಅಂತಾರೆ ಮೇಡಂ.”

“ಆಸೆ ಇದ್ಯೋ ಇಲ್ವೋ?”

“ಇದೆ.”

ಅಂದಹಾಗೆ, ಮಂಗಳವಾರ ಆ ಜಾಗ ಸಿಕ್ಕಿದ್ದು ಆ ರಸ್ತೆಯನ್ನು ಒಮ್ಮೆಯೂ ನಡೆದು ದಾಟದ ಒಬ್ಬ ಮಹನೀಯರಿಗೆ. ಅವರು ಮಾಡಿದ್ದಿಷ್ಟೇ, ಕೇಳಿದಾಗ ‘ಯೆಸ್’ ಅಂದರು.