ಎಂಜಲು ಬಾಯಿಯ ಪ್ರಾರ್ಥನೆ

ಬೆಳಗ್ಗೆ ಎದ್ದರೆ ನಮ್ಮತ್ತೆಯ ಕೈ ಮೊದಲು ಹೋಗುತ್ತಿದ್ದುದು ಸೊಂಟಕ್ಕೆ ಸಿಕ್ಕಿಸಿದ ಸಂಚಿಗೆ. ಕರ್ತನ ಪಾಳಿ ಆಮೇಲೆ. ಸಂಚಿಯ ಒಂದು ಜೇಬಿನಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗೆ ತಂಬಾಕು. ಎಡಗಡೆ ದವಡೆಗೆ ಒಂದು ಚಿಟಿಕೆ ಒತ್ತಿಕೊಂಡರೆ ಸಾಕು, ಮಧ್ಯಾಹ್ನದವರೆಗೂ ಕೂತಲ್ಲೇ ಕೂತು ನಾರಾಯಣಪೇಟೆಯ ನಮ್ಮ ಓಣಿಯ ಮಗ್ಗಗಳಿಗಾಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

ಮಗ್ಗದವರು ಶಿವನ ಒಕ್ಕಲು, ನಾವು ಕ್ರೈಸ್ತರು. ಆದರೆ ಎಂಜಲು ಬಾಯಲ್ಲಿ ದೇವರ ಹೆಸರೆತ್ತಬಾರದು ಎಂಬುದು ಓಣಿಗೆಲ್ಲ ಒಂದೇ ಕಟ್ಟಳೆ. ಅತ್ತೆ ತಂಬಾಕು ಉಗುಳಿ, ಚೆನ್ನಾಗಿ ಬಾಯಿ ಮುಕ್ಕಳಿಸಿ, ಸೆರಗು ಹೊದ್ದು, ಆಮೇಲೆಯೇ ಮೊಣಕಾಲೂರುತ್ತಿದ್ದರು. ನಾನು ಸಾರಿನ ರುಚಿ ನೋಡಿದ ಬಾಯಲ್ಲೇ ಊಟದ ಪ್ರಾರ್ಥನೆ ಶುರು ಮಾಡಿದರೆ ಗದರಿಸುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದೇವರೇನು ನನ್ನ ಬಾಯಿ ಮೂಸಿ ನೋಡುತ್ತಾನೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೋಗಿ ಬಾಯಿ ತೊಳೆಯುತ್ತಿದ್ದೆ.

ತೆಲಂಗಾಣ ರಾಜ್ಯ ಬಂದ ವರ್ಷವೇ ಅತ್ತೆಯ ಎಡಗೆನ್ನೆಯ ಒಳಗೆ ಬಿಳಿ ಕಲೆ ಕಾಣಿಸಿಕೊಂಡಿತು. ಖಾರ ತಾಗಿದರೆ ಉರಿ ಉರಿ ಎನ್ನುತ್ತಿದ್ದರು. ರಾಯಚೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಬ್ಯಾಟರಿ ಹಾಕಿ ನೋಡಿ, ನೇರವಾಗಿಯೇ ಹೇಳಿದರು.

"ಅವ್ವಾರ, ಈಗ ಇದು ಬರೇ ಕಲಿ ಐತಿ. ತಂಬಾಕ ಬಿಟ್ರ ಇಳಿಬಹುದು. ಬಿಡಲಿಲ್ಲಂದ್ರ ಮುಂದ ಕೆನ್ನಿ ಕೊಯ್ಯೂ ಪಾಳಿ ಬರತೈತಿ ನೋಡ್ರಿ."

ವಾಪಸು ಬರುವಾಗ ಬಸ್ಸು ಕೃಷ್ಣೆಯ ಸೇತುವೆ ಹತ್ತಿದ್ದೇ ತಡ, ಅತ್ತೆ ತಂಬಾಕಿನ ಪೊಟ್ಟಣವನ್ನು ಕಿಟಕಿಯಿಂದ ಹೊಳೆಗೆ ಎಸೆದರು. "ಪೀಡಾ ಹೋತು" ಎಂದು ಕೈ ಝಾಡಿಸಿಕೊಂಡರು. ನನಗೆ ಕಣ್ಣು ತುಂಬಿ ಬಂತು. ಮಕ್ತಲದಲ್ಲಿ ಬಸ್ಸು ಬದಲಿಸಬೇಕು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅತ್ತೆಯ ಎಡಗೆನ್ನೆ ಉಬ್ಬಿತ್ತು. "ಏನತ್ತಿ ಇದು?" ಎಂದರೆ ಮಾತಾಡಲಾಗದೆ ಎದುರಿನ ಪಾನ್ ಡಬ್ಬಾದ ಕಡೆ ಬೆರಳು ತೋರಿಸಿದರು, ತಪ್ಪೆಲ್ಲ ಆ ಡಬ್ಬಾದವನದೇ ಎಂಬಂತೆ.

ಆದರೆ ಪ್ರಯತ್ನ ಬಿಡಲಿಲ್ಲ. ಬೆಳಗ್ಗೆ ಸಂಜೆ ಮೊಣಕಾಲೂರಿ, "ಕರ್ತನೇ, ಮನಸ್ಸು ಜಾರೂ ಶೋಧನಿ ಬಂದಾಗ ನನ್ನ ಕೈ ಹಿಡಿ, ಈ ಆಸಿ ಬೇರು ಸಮೇತ ಕಿತ್ತು ಒಗಿ" ಎಂದು ಗಟ್ಟಿಯಾಗಿ ಬೇಡುತ್ತಿದ್ದರು. ಅಂಥ ಒಂದು ವಾರ ಅವರು ತಂಬಾಕು ಮುಟ್ಟದೇ ಇದ್ದರು. ಅದೇ ವಾರ ಗದ್ವಾಲಿನಲ್ಲಿ ಪ್ರಾರ್ಥನಾ ಕೂಟವಿತ್ತು, ತಮ್ಮ ತಂಗಿಯ ಊರೆಂದು ಅತ್ತೆಯೂ ಹೋದರು, ನಾನೂ ಹೋದೆ. ಕೂಟದಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿ ಸಾಕ್ಷಿ ಕೊಡುವುದು ವಾಡಿಕೆ. ಒಬ್ಬಳಿಗೆ ಮಗು ಆಗಿತ್ತು, ಒಬ್ಬನಿಗೆ ಜ್ವರ ಬಿಟ್ಟಿತ್ತು. ಅತ್ತೆಗೆ ತಡೆಯಲಾಗಲಿಲ್ಲ. ನಾನು ಸೆರಗು ಹಿಡಿದು ಜಗ್ಗುವಷ್ಟರಲ್ಲಿ ಎದ್ದು ನಿಂತಾಗಿತ್ತು.

"ಕರ್ತ ನನ್ನ ಬಾಯಿಂದ ತಂಬಾಕ ಬಿಡಿಸ್ಯಾನ್ರೀ!"

ತೆಲುಗಿನ ಕೂಟದಲ್ಲಿ ಕನ್ನಡದ ಸಾಕ್ಷಿ, ಆದರೂ ತಿಳಿಯದವರಿರಲಿಲ್ಲ. "ಸ್ತೋತ್ರಂ, ಸ್ತೋತ್ರಂ" ಎಂದು ಚಪ್ಪಾಳೆಯೇ ಚಪ್ಪಾಳೆ. ನಾಲ್ಕನೆಯ ದಿನ ನಾರಾಯಣಪೇಟೆಯಲ್ಲಿ ಅತ್ತೆಯ ಸಂಚಿ ಮತ್ತೆ ತುಂಬಿತು. ನನ್ನ ಗಂಡ ನಕ್ಕುಬಿಟ್ಟರು.

"ತೆಲಂಗಾಣಾನೂ ಒಮ್ಮಿ ಬಂತಂತ ಹೇಳಿ ಪಟಾಕಿ ಹೊಡೆದು, ಆಮ್ಯಾಲೆ ಎಷ್ಟು ವರ್ಷ ಕಾಯಲಿಲ್ಲ? ಅವ್ವಂದೂ ಹಂಗ ಆತು."

ನಗುವ ಮಾತಾಗಿ ಉಳಿಯಲಿಲ್ಲ ಅದು. ಅತ್ತೆಯ ಸಾಕ್ಷಿ ಅವರಿಗಿಂತ ಮುಂಚೆ ಊರೂರು ಮುಟ್ಟಿತ್ತು. ಕುಡುಕ ಗಂಡಂದಿರನ್ನು, ಬೀಡಿ ಸೇದುವ ಮಾವಂದಿರನ್ನು ಕರೆದುಕೊಂಡು ಹೆಂಗಸರು ನಮ್ಮ ಮನೆಗೆ ಬರತೊಡಗಿದರು, ನಿನ್ನನ್ನು ಬಿಡಿಸಿದ ದೇವರು ಇವರನ್ನೂ ಬಿಡಿಸಲಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡು ಎಂದು. ಅತ್ತೆ ಹಿತ್ತಲಿಗೆ ಓಡಿ, ಉಗುಳಿ, ಮುಕ್ಕಳಿಸಿ ಬಂದು ಅವರಿಗಾಗಿ ಬೇಡುತ್ತಿದ್ದರು. ತಮಗಾಗಿ ಬೇಡುವುದನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದರು. ಸಂಜೆಯ ಪ್ರಾರ್ಥನೆಯನ್ನೂ ನನ್ನ ತಲೆಗೆ ಕಟ್ಟಿದ್ದರು.

ಒಂದು ದಿನ ನನಗೆ ರೇಗಿಹೋಯಿತು. "ಊರ ಮಂದೀಗೆಲ್ಲ ಬೇಡತೀರಿ, ನಿಮ್ಮ ಕೆನ್ನಿಗೆ ಬೇಡಾಕ ಏನಾಗೇತ್ರಿ ಅತ್ತಿ?" ಎಂದು ಕೂಗಾಡಿದೆ.

"ಆಸಿ ಬರೂದು ಯಾವಾಗ? ಬಾಯಾಗ ಇದು ಇದ್ದಾಗ್ಲೇ ಇನ್ನೊಂದೀಟು ಬೇಕನಸ್ತೈತಿ" ಎಂದರು ಅತ್ತೆ, ಕಂಡಿಕೆಯಿಂದ ಕಣ್ಣೆತ್ತದೆ. "ಎಂಜಲ ಬಾಯಿಲೆ ಅವನ್ನ ಹೆಂಗ ಕರೀಲಿ? ಸುಳ್ಳ ಬ್ಯಾರೆ ಹೇಳೀನಿ."

ಕಲೆಯೋ, ದಿನದಿನಕ್ಕೆ ಅಗಲವಾಗುತ್ತಿತ್ತು.

ಒಂದು ಸಂತೆಯ ದಿನ ನರ್ವದ ಕಡೆಯ ಒಬ್ಬ ಮುದುಕಿ ತನ್ನ ಮಗನನ್ನು ಕರೆತಂದಳು. ಮೀಸೆ ಬಲಿತ ಗಂಡಸು, ಹಗಲಲ್ಲೇ ಕುಡಿದಿದ್ದ, ತಲೆ ಎತ್ತಲು ನಾಚುತ್ತಿದ್ದ. ಮುದುಕಿ ಬಾಗಿಲಲ್ಲೇ ಅತ್ತೆಯ ಎರಡೂ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಹಿತ್ತಲಿಗೆ ಹೋಗುವ ದಾರಿಯೇ ಇರಲಿಲ್ಲ. ಮಗ ಮೊಣಕಾಲೂರಿದ, ಮುದುಕಿ ಕಣ್ಣು ಮುಚ್ಚಿದಳು. ಅತ್ತೆಯ ಎಡಗೆನ್ನೆ ಉಬ್ಬಿದ್ದು ನನಗೆ ಕಾಣುತ್ತಿತ್ತು. ಪಕ್ಕದ ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಲೇ ಇತ್ತು. ಈಗ ಏನೋ ನೆಪ ಹೇಳುತ್ತಾರೆ ಎಂದುಕೊಂಡೆ.

ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟರು. ತುಂಬಿದ ಬಾಯಲ್ಲೇ ಶುರು ಮಾಡಿದರು.

"ಕರ್ತನೇ, ನನ್ನ ಬಾಯಾಗ ತಂಬಾಕ ಐತಿ. ಬಿಟ್ಟೀನಂತ ಗದ್ವಾಲದಾಗ ಸುಳ್ಳ ಹೇಳೀನಿ. ಈತ ಕುಡುದು ಬಂದಾನ, ನಾ ಹಾಕ್ಕೊಂಡು ನಿಂತೀನಿ. ಇಬ್ರೂ ಹೊಲಸ ಬಾಯವ್ರ ಅದೀವಿ. ತೊಳಕೊಂಡು ಬರ್ತೀನಂದ್ರ ಆಗವಲ್ದು. ಹಿಂಗ ಇದ್ದಂಗ ಹಿಡ್ಕೋ ನಮ್ಮನ್ನ."

ಕೆಂಪು ರಸ ಗಲ್ಲದ ಮೇಲೆ ಇಳಿದು ಸೀರೆಗೆ ತೊಟ್ಟಿಕ್ಕಿತು. ಮುದುಕಿ ಕಣ್ಣು ಬಿಟ್ಟು ಬೆರಗಾಗಿ ನೋಡಿದಳು. ಆ ಗಂಡಸು ಮೊದಲ ಸಲ ತಲೆ ಎತ್ತಿ, "ನಿಮಗೂ ಬಿಡಾಕ ಆಗಿಲ್ಲೇನ್ರಿ ಅವ್ವಾ?" ಎಂದು ಕೇಳಿ ಹೋ ಎಂದು ಅತ್ತ. ನನಗೂ ಅಳು ಬಂತು. ನನ್ನ ಸಿಟ್ಟೆಲ್ಲ ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ.

ಆವತ್ತಿನಿಂದ ಅತ್ತೆ ಬಾಯಿ ತೊಳೆಯಲು ಕಾಯಲಿಲ್ಲ. ಕೈ ಸಂಚಿಗೆ ಹೋದಾಗ ಕರೆಯುತ್ತಿದ್ದರು, ಚಿಟಿಕೆ ತುಟಿಯ ಹತ್ತಿರ ಬಂದಾಗ ಕರೆಯುತ್ತಿದ್ದರು, ಸೋತು ಹಾಕಿಕೊಂಡ ಮೇಲೂ ಕರೆಯುತ್ತಿದ್ದರು. ಕಂಡಿಕೆ ಸುತ್ತುತ್ತಲೇ ಯಾರ ಜೊತೆಗೋ ಜಗಳಾಡುವವರ ಹಾಗೆ ಗೊಣಗುವರು: "ನೋಡು, ಮತ್ತ ಬಂತು ನೋಡು, ಹಿಡಿ, ಹಿಡಿ." ಮಗ್ಗದ ಮನೆಯವರು ಮುದುಕಿಗೆ ಅರಳುಮರಳು ಎಂದುಕೊಂಡರು. ಬಿಟ್ಟು, ಬಿದ್ದು, ಮತ್ತೆ ಬಿಟ್ಟು, ನಡುನಡುವೆ ಹಾಕದ ದಿನಗಳೇ ಹೆಚ್ಚಾದವು. ಯಾವಾಗ ಎಂದು ಕೇಳಿದರೆ ಹೇಳಲಾರೆ, ಸಂಚಿ ಒಂದು ದಿನ ಗೂಟಕ್ಕೆ ಹೋಯಿತು, ಅಲ್ಲೇ ಉಳಿಯಿತು.

ನರ್ವದವನು ಕುಡಿತ ಬಿಟ್ಟನೇ ಎಂದರೆ, ಕೆಲವು ಸಲ ಬಿಟ್ಟ. ಸಂತೆಗೆ ಬಂದಾಗ ಬಾಗಿಲಲ್ಲಿ ನಿಂತು, "ಅವ್ವಾ, ಇವತ್ತ?" ಎನ್ನುವನು. "ಇವತ್ತ ಹಾಕಿಲ್ಲಪಾ. ನೀ?" ಎನ್ನುವರು ಅತ್ತೆ. ಅವನು ಕೆಲವೊಮ್ಮೆ ನಗುವನು, ಕೆಲವೊಮ್ಮೆ ನೇರ ಒಳಗೆ ಬಂದು ಮೊಣಕಾಲೂರುವನು. ಗದ್ವಾಲಿನ ಮುಂದಿನ ಕೂಟದಲ್ಲಿ ಅತ್ತೆ ಮತ್ತೆ ಎದ್ದು ನಿಂತರು. ಈ ಸಲ ನಾನು ಸೆರಗು ಜಗ್ಗಲಿಲ್ಲ. ಹೋದ ಸಲ ಹೇಳಿದ್ದು ಸುಳ್ಳೆಂದೂ, ಇವತ್ತು ಮುಂಜಾನೆಯಿಂದ ಹಾಕಿಲ್ಲವೆಂದೂ ಹೇಳಿ ಕೂತರು. ಚಪ್ಪಾಳೆ ಅಷ್ಟು ಜೋರಾಗಿರಲಿಲ್ಲ.

ಅತ್ತೆಯಿಂದ ನನಗಾದ ಉಪಕಾರವನ್ನು ನಾನು ಮರೆಯಲಾರೆ. ಸಿಟ್ಟು ಇಳಿದ ಮೇಲೆ ದೇವರನ್ನು ಕರೆದರಾಯಿತು ಎಂದುಕೊಂಡು ಅಷ್ಟು ವರ್ಷ ಕಳೆದವಳು ನಾನು. ಈಗ ಬೈಗುಳ ನಾಲಿಗೆಯ ಮೇಲಿರುವಾಗಲೇ ಕರೆಯುತ್ತೇನೆ. ಒಮ್ಮೊಮ್ಮೆ ಬೈಗುಳವೂ ಆಚೆ ಬೀಳುತ್ತದೆ, ಸುಳ್ಳೇಕೆ ಹೇಳಲಿ.

ಮುಂದೊಮ್ಮೆ ರಾಯಚೂರಿನ ಅದೇ ಡಾಕ್ಟರ ಹತ್ತಿರ ಹೋದೆವು. ಅತ್ತೆ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಡಾಕ್ಟರು ಎರಡು ಬೆರಳಿನಿಂದ ಕೆನ್ನೆ ಹಿಗ್ಗಿಸಿ, ಬ್ಯಾಟರಿ ಹಾಕಿ, ಬಹಳ ಹೊತ್ತು ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಕಲಿ ಇಳದೈತ್ರಿ ಅವ್ವಾರ. ಕೊಯ್ಯೂದೇನೂ ಬ್ಯಾಡ."

ಡಾಕ್ಟರು ಬೆರಳು ಇನ್ನೂ ತೆಗೆದಿರಲಿಲ್ಲ. ಅತ್ತೆ ಕಾಯಲಿಲ್ಲ. ಕಣ್ಣು ಮುಚ್ಚಿ, ಬಾಯಲ್ಲಿ ಆ ಬೆರಳುಗಳನ್ನು ಇಟ್ಟುಕೊಂಡೇ, ಜೊಲ್ಲು ಸುರಿಸುತ್ತಾ, "ಥೋಥ್ರ, ಕರ್ಥನೇ, ಥೋಥ್ರ" ಎಂದರು.